ಬಿಂದಿಗೆ ಕ್ರೇನ್ ಹತ್ತಿದ್ದು

ಹದಿನೆಂಟು ಅಂತಸ್ತಿನ ಆ ಕಟ್ಟಡದ ಸೈಟಿನಲ್ಲಿ ಅವಳನ್ನು ಎಲ್ಲರೂ ಬಿಂದಿಗೆ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ದಪ್ಪಗಿದ್ದಾಳೆ ಅಂದುಕೊಳ್ಳಬೇಡಿ. ಕಡ್ಡಿಯಂಥ ಹೆಂಗಸು, ತಲೆಗೆ ಹೆಲ್ಮೆಟ್ ಇಟ್ಟರೆ ಅಣಬೆ ನಿಂತ ಹಾಗೆ ಕಾಣುತ್ತಿದ್ದಳು. ಹೆಸರು ಬಂದದ್ದು ಅವಳು ಕುಡಿಯುವ ನೀರಿನಿಂದ. ದಿನಕ್ಕೆ ಹನ್ನೆರಡು ಲೀಟರ್. ಒಂದು ಲೋಟ ಹೆಚ್ಚಾದೀತು, ಕಡಿಮೆ ಇಲ್ಲ. ಬೆಳಿಗ್ಗೆ ಸೈಟಿಗೆ ಬರುವಾಗ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಐದು ಲೀಟರಿನ ಕ್ಯಾನು. ಹನ್ನೊಂದು ಗಂಟೆಗೆ ಕ್ಯಾನು ಖಾಲಿ. ಲೋಟವಾಗಲಿ ಬಾಟಲಿಯಾಗಲಿ, ತಳ ಕಾಣದೆ ಅವಳು ಕೆಳಗಿಟ್ಟದ್ದನ್ನು ಕಂಡವರೇ ಇಲ್ಲ.

ಕುಡಿದ ನೀರು ಒಳಗೆ ನಿಲ್ಲಬೇಕಲ್ಲ? ಅದೂ ಇಲ್ಲ. ಅರ್ಧ ಗಂಟೆಗೊಮ್ಮೆ ಸೈಟಿನ ಮೂಲೆಯ ಶೌಚಾಲಯಕ್ಕೆ ಒಂದೇ ಓಟ. ತನ್ನ ಮದುವೆಯ ಮಂಟಪದಿಂದಲೇ ಮೂರು ಸಲ ಎದ್ದು ಹೋದವಳು ಅವಳು. ಸಿನಿಮಾಕ್ಕೆ ಹೋದರೆ ಕೊಲೆಗಾರ ಯಾರೆಂದು ಗಂಡನನ್ನು ಕೇಳಿ ತಿಳಿದುಕೊಳ್ಳಬೇಕು. ಆ ಗಳಿಗೆಗೆ ಅವಳು ಸೀಟಿನಲ್ಲಿ ಇದ್ದ ದಾಖಲೆಯೇ ಇಲ್ಲ. ಗಂಡ ಕಿಟಕಿಗಳಿಗೆ ಗಾಜು ಕೂರಿಸುವವನು, ಸ್ವಲ್ಪ ಕೀಟಲೆ. ಬೇಕೆಂದೇ ತಪ್ಪು ಹೆಸರು ಹೇಳುತ್ತಿದ್ದ.

ಇದೆಲ್ಲ ಶುರುವಾದದ್ದು ಹತ್ತನೇ ವಯಸ್ಸಿನಲ್ಲಿ, ಜೋಕಾಲಿಯಿಂದ ತಲೆಕೆಳಗಾಗಿ ಬಿದ್ದು ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ. ಬಿದ್ದದ್ದಕ್ಕೂ ಬಾಯಾರಿಕೆಗೂ ಯಾರೂ ಗಂಟು ಹಾಕಲಿಲ್ಲ. ಮೂರು ಸಲ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿದರು, ಮೂರು ಸಲವೂ ಸಕ್ಕರೆ ಇಲ್ಲ ಎಂದಿತು. ಸಕ್ಕರೆ ಇಲ್ಲ ಅಂದಮೇಲೆ ಕಾಯಿಲೆಯೂ ಇಲ್ಲ ಎಂದು ಮನೆಯವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಉಷ್ಣದ ಮೈ, ಅಷ್ಟೇ ಎಂದರು. ನಮ್ಮಲ್ಲಿ ಅರ್ಥವಾಗದ್ದಕ್ಕೆಲ್ಲ ಉಷ್ಣವೇ ಕಾರಣ.

ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊಸ ಸೊಸೆ ಮೊದಲ ದಿನ ಅಡುಗೆಮನೆಯ ನೀರನ್ನೆಲ್ಲ ಕುಡಿದು ಮುಗಿಸಿ ನಾಚಿಕೆಯಿಂದ ಗೋಡೆ ನೋಡುತ್ತಾ ನಿಂತಿದ್ದಾಗ ಅತ್ತೆ ಕೊಡ ಎತ್ತಿಕೊಂಡು ಹೊರಟು, "ನೀರು ತಾನೇ ಕುಡಿದಿದ್ದು, ನನ್ನ ರಕ್ತ ಅಲ್ವಲ್ಲ!" ಎಂದು ನಕ್ಕಿದ್ದಳು. ಅಂದಿನಿಂದ ಮನೆಯ ತುಂಬ ನೀರು. ಹಾಸಿಗೆಯ ತಲೆದೆಸೆಗೆ ಒಂದು ಚೊಂಬು, ಬಾಗಿಲ ಬಳಿ ಒಂದು ಬಾಟಲಿ, ಮೆಟ್ಟಿಲ ತಿರುವಿನಲ್ಲಿ ಇನ್ನೊಂದು. ಸೊಸೆ ಕೈ ಚಾಚಿದ ಕಡೆ ನೀರಿರಬೇಕು. ಅದು ಅತ್ತೆಯ ಪ್ರೀತಿಯ ರೀತಿ. ಒಬ್ಬರನ್ನೊಬ್ಬರು ಎಷ್ಟು ಹಚ್ಚಿಕೊಂಡಿದ್ದರೆಂದರೆ ಗಂಡನಿಗೆ ಆಗಾಗ ತಾನೇ ಆ ಮನೆಗೆ ಬಂದ ಅಳಿಯನೇನೋ ಎನ್ನಿಸುತ್ತಿತ್ತು.

ಇನ್ನು ಅವಳ ಕೆಲಸದ ವಿಷಯ. ಅರವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತ ಕ್ರೇನ್ ಆಪರೇಟರಿಗೆ ಕೆಳಗಿನದು ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಕೆಳಗೆ ನಿಂತವರ ಕೈಯೇ ಅವನ ಕಣ್ಣು. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು, ತೋಳು ಚಾಚಿ ಅಂಗೈ ಬೀಸಿದರೆ ನಿಲ್ಲಿಸು. ಬಿಂದಿಗೆ ಹಳದಿ ಕೈಗವಸು ತೊಟ್ಟು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಳು. ಮೇಲೆ ಕೂತಿದ್ದ ಆಪರೇಟರನ್ನು ಎಲ್ಲರೂ ಗಿಡುಗ ಎನ್ನುತ್ತಿದ್ದರು. ಅರವತ್ತು ಹತ್ತಿರವಾದ, ಮಾತಿಗಿಂತ ಕೆಮ್ಮು ಹೆಚ್ಚಿದ್ದ ಮನುಷ್ಯ. ವಾಕಿಟಾಕಿಯ ಗೊರಗೊರ ಸದ್ದು ಅವನಿಗೆ ಆಗುತ್ತಿರಲಿಲ್ಲ. ಆ ಹಳದಿ ಕೈ ಕಂಡರೆ ಸಾಕು, ಎರಡು ಟನ್ ಕಬ್ಬಿಣವನ್ನು ಮೊಟ್ಟೆ ಇಳಿಸಿದ ಹಾಗೆ ಇಳಿಸುತ್ತಿದ್ದ. ಬಿಂದಿಗೆ ಶೌಚಾಲಯಕ್ಕೆ ಓಡಿದಾಗ ಕ್ರೇನೂ ನಿಲ್ಲುತ್ತಿತ್ತು. ಆಗ ಅವನು ಮೇಲೆ ಒಂದು ಬಿಸ್ಕತ್ತು ತಿನ್ನುತ್ತಿದ್ದ. ಅವಳಿಂದಾಗಿ ತಾನು ನಾಲ್ಕು ಕಿಲೋ ಹೆಚ್ಚಾದೆ ಎಂದು ಅವನ ದೂರು.

ಬಿಂದಿಗೆಗೆ ಒಂದೇ ಒಂದು ಆಸೆ: ಆ ಗೂಡಿನಲ್ಲಿ ಕೂರಬೇಕು. ಸಂಜೆ ತರಗತಿಗೆ ಹೋಗಿ ಓದಿದ್ದಳು, ನೆಲದ ಮೇಲಿನ ಸಣ್ಣ ಕ್ರೇನ್ ನಡೆಸಿ ಸೈ ಎನ್ನಿಸಿಕೊಂಡಿದ್ದಳು. ಗಿಡುಗ ತಿಂಗಳ ಕೊನೆಗೆ ನಿವೃತ್ತ. ಅವನ ಜಾಗಕ್ಕೆ ಅವಳ ಹೆಸರನ್ನೇ ಹೇಳಿದ್ದ. ಉಳಿದದ್ದು ಎರಡೇ: ಆರೋಗ್ಯ ತಪಾಸಣೆಯ ಪತ್ರ, ಆಮೇಲೆ ಮೇಲೆ ಒಂದು ಪೂರ್ತಿ ಪಾಳಿ. ಪಾಳಿ ಎಂದರೆ ನಾಲ್ಕು ಗಂಟೆ, ಮಧ್ಯೆ ಇಳಿಯುವಂತಿಲ್ಲ. ಏಣಿಗೆ ಇನ್ನೂರ ನಲವತ್ತು ಮೆಟ್ಟಿಲು.

"ನಾಲ್ಕು ಗಂಟೆ ಹೇಗೆ ಕೂರ್ತೀಯಾ ಬಿಂದಿಗೆ?" ಎಂದು ಗಿಡುಗ ಕೇಳಿದ.

"ಬೆಳಿಗ್ಗೆಯಿಂದ ನೀರೇ ಮುಟ್ಟಲ್ಲ ಅಣ್ಣ. ಅದೇನು ಮಹಾ."

ರಜೆಯ ದಿನ ತಾರಸಿಯ ಮೇಲೆ ಒಂದು ಸ್ಟೂಲು ಹಾಕಿಕೊಂಡು ಅತ್ತೆಗೆ ಕಾಣದಂತೆ ಅಭ್ಯಾಸಕ್ಕೆ ಕೂತಳು. ಒಂದೂವರೆ ಗಂಟೆ ಆಗುವಷ್ಟರಲ್ಲಿ ಎರಡು ಸಲ ಕೆಳಗೆ ಓಡಿದ್ದಳು, ನಾಲಿಗೆ ಅಂಗುಳಿಗೆ ಅಂಟಿತ್ತು, ತಲೆ ಗಿರ್ರೆನ್ನುತ್ತಿತ್ತು. ನೀರು ಕುಡಿಯದಿದ್ದರೂ ಮೈ ನೀರು ಚೆಲ್ಲುವುದನ್ನು ಬಿಡಲಿಲ್ಲ! ಕಡೆಗೆ ಮೆಟ್ಟಿಲ ತಿರುವಿನ ಬಾಟಲಿಯನ್ನು ಒಂದೇ ಉಸಿರಿಗೆ ಮುಗಿಸಿ ಅಲ್ಲೇ ಕೂತು ಅತ್ತಳು. ಅಷ್ಟು ವರ್ಷ ಎಲ್ಲರ ತಮಾಷೆಗೂ ತಾನೇ ಮೊದಲು ನಕ್ಕವಳು, ಅವತ್ತು ತನ್ನ ಮೈಯ ಮೇಲೆ ತಾನೇ ಸಿಟ್ಟಾದಳು.

ತಪಾಸಣೆಯ ದಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂತ್ರದ ಸೀಸೆ ಕೊಟ್ಟು ಬಂದಳು. ಹತ್ತು ನಿಮಿಷಕ್ಕೆ ಕರೆ ಬಂತು. ಕನ್ನಡಕ ಹಣೆಗೇರಿಸಿಕೊಂಡ ಪರೀಕ್ಷಕ ಸೀಸೆಯನ್ನು ಬೆಳಕಿಗೆ ಹಿಡಿದು ನಿಂತಿದ್ದ.

"ಏನಮ್ಮಾ, ನಲ್ಲಿ ನೀರು ತುಂಬಿಸ್ಕೊಂಡು ಬಂದಿದ್ದೀರಾ? ನಮ್ಮನ್ನ ಏನಂದ್ಕೊಂಡಿದ್ದೀರಾ?"

"ಅಯ್ಯೋ ಇಲ್ಲ ಸಾರ್, ನಂದೇ!"

ಅವನು ನಂಬಲಿಲ್ಲ. ಒಬ್ಬ ದಾದಿಯನ್ನು ಜೊತೆಗೆ ಕಳಿಸಿ ಇನ್ನೊಂದು ಸೀಸೆ ತರಿಸಿದ. ಅದೂ ಅಷ್ಟೇ, ನೀರಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಈ ಸಲ ಕಕ್ಕಾಬಿಕ್ಕಿಯಾದವನು ಅವನು. ಎರಡು ಸೀಸೆಯನ್ನೂ ಎತ್ತಿಕೊಂಡು ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದ. ಪುಣ್ಯಾತ್ಮ, ಅವನು ಅಷ್ಟು ಸಂಶಯದ ಪಿಶಾಚಿ ಆಗಿರದಿದ್ದರೆ ಈ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಡಾಕ್ಟರಮ್ಮ ಜೋಕಾಲಿಯ ಕತೆಯನ್ನು ಎರಡು ಸಲ ಹೇಳಿಸಿಕೊಂಡರು. ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ, "ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ನಾನು ಹೇಳೋವರೆಗೆ ಒಂದು ತೊಟ್ಟು ನೀರು ಕುಡಿಯೋ ಹಾಗಿಲ್ಲ. ನಾವು ಪಕ್ಕದಲ್ಲೇ ಇರ್ತೀವಿ, ಹೆದರಬೇಡಿ," ಎಂದರು.

ಹೆದರಿದ್ದು ಬಿಂದಿಗೆಯಲ್ಲ, ಅತ್ತೆ. ಮಾರನೇ ದಿನ ಸೊಸೆಯ ಹಿಂದೆಯೇ ಬಂದಳು, ಸೆರಗಿನ ಮರೆಯಲ್ಲಿ ಒಂದು ಬಾಟಲಿ. ದಾದಿ ಅದನ್ನು ಕಿತ್ತುಕೊಂಡು ಅವಳನ್ನು ಹೊರಗೆ ಕೂರಿಸಿದಳು. ಒಳಗೆ ಗಂಟೆಗೊಮ್ಮೆ ಬಿಂದಿಗೆಯ ತೂಕ ನೋಡುವರು, ರಕ್ತ ತೆಗೆಯುವರು, ಸೀಸೆ ತುಂಬಿಸುವರು. ಹೊರಗೆ ಅತ್ತೆ, "ನನ್ನ ಸೊಸೆ ಕುಡಿಯೋವರೆಗೆ ನಾನೂ ಕುಡಿಯಲ್ಲ," ಎಂದು ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಳು. ಹನ್ನೆರಡು ಗಂಟೆಗೆ ಬಿಂದಿಗೆಯ ತುಟಿ ಬಿರಿದಿತ್ತು, ಎರಡು ಕಿಲೋ ಇಳಿದಿದ್ದಳು, ಆದರೂ ಸೀಸೆಯಲ್ಲಿ ಅದೇ ನಲ್ಲಿ ನೀರು.

ಆಗ ಡಾಕ್ಟರಮ್ಮನಿಗೆ ಏನು ತೋಚಿತೋ, ಹೊರಗೆ ಬಂದು ಅತ್ತೆಯ ಕೈಗೂ ಒಂದು ಸೀಸೆ ಕೊಟ್ಟರು. ಅತ್ತೆ ಗೊಣಗುತ್ತಲೇ ಹೋಗಿ ಬಂದಳು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಸೊಸೆಯದ್ದು ಗಾಜಿನ ಹಾಗೆ ತಿಳಿ, ಅತ್ತೆಯದ್ದು ಗಟ್ಟಿ ಹಳದಿ.

"ನೋಡಿ, ಇಬ್ಬರೂ ಬೆಳಿಗ್ಗೆಯಿಂದ ನೀರು ಕುಡಿದಿಲ್ಲ. ನಿಮ್ಮ ಅತ್ತೆಯ ಕಿಡ್ನಿ ಇರೋ ನೀರನ್ನ ಹಿಡಿದಿಟ್ಕೊಂಡಿದೆ. ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ!"

"ನಂದು ಅಷ್ಟು ಚೆನ್ನಾಗಿದ್ಯಾ?" ಅತ್ತೆಯ ಮುಖ ಅರಳಿತು. ಅರವತ್ತೆರಡು ವರ್ಷಕ್ಕೆ ಅವಳನ್ನು ಯಾವುದಾದರೂ ಪರೀಕ್ಷೆಯಲ್ಲಿ ಹೊಗಳಿದ್ದು ಅದೇ ಮೊದಲು.

"ಹಾಗಾದ್ರೆ ನನ್ನ ಕಿಡ್ನಿ ಕೆಟ್ಟಿದ್ಯಾ ಡಾಕ್ಟ್ರೇ?" ಬಿಂದಿಗೆ ಕೇಳಿದಳು. ಕ್ರೇನಿನ ಗೂಡು ಕಣ್ಣೆದುರಿಗೇ ದೂರ ಹೋದಂತಾಯಿತು.

ಡಾಕ್ಟರಮ್ಮ ಅವಳ ಕೆಲಸ ಏನೆಂದು ಕೇಳಿದರು. ಹೇಳಿದಳು. ಅವರು ಕುರ್ಚಿ ಎಳೆದುಕೊಂಡು ಕೂತರು.

"ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ನಮ್ಮ ಕಿಡ್ನಿ ದಿನಕ್ಕೆ ಸುಮಾರು ನೂರೆಂಬತ್ತು ಲೀಟರ್ ನೀರನ್ನ ರಕ್ತದಿಂದ ಸೋಸಿ ಕೊಳವೆಗಳಿಗೆ ಇಳಿಸುತ್ತೆ. ಗೋಡೆಗೆ ಬಣ್ಣ ಬಳಿಯುವಾಗ ಮನೆ ಸಾಮಾನೆಲ್ಲ ಹೊರಗೆ ಹಾಕ್ತೀವಲ್ಲ, ಹಾಗೆ. ಆಮೇಲೆ ಬೇಕಾದ್ದನ್ನೆಲ್ಲ ವಾಪಸ್ ಒಳಗೆ ತಗೊಳ್ಳುತ್ತೆ, ಕಸ ಮಾತ್ರ ಆಚೆ. ಬಹುಪಾಲು ನೀರನ್ನ ಯಾರನ್ನೂ ಕೇಳದೆ ತಾನೇ ಎತ್ಕೊಳ್ಳುತ್ತೆ. ಕೊನೇ ಹತ್ತಿಪ್ಪತ್ತು ಲೀಟರ್ ಇದೆಯಲ್ಲ, ಅದನ್ನ ಎತ್ತೋಕೆ ಮಾತ್ರ ಮೆದುಳಿನಿಂದ ಅಪ್ಪಣೆ ಬರಬೇಕು. ತಲೆಯೊಳಗೆ ಒಂದು ಪುಟ್ಟ ಗ್ರಂಥಿ ಇದೆ. ಮೈಯಲ್ಲಿ ನೀರು ಕಮ್ಮಿ ಆದ್ರೆ ಅದು ಒಂದು ರಸ ಕಳಿಸುತ್ತೆ. ಅದು ಬಂದ ಕೂಡಲೇ ಕೊನೆಯ ಕೊಳವೆಗಳಲ್ಲಿ ನೀರಿನ ಸಣ್ಣ ಸಣ್ಣ ಬಾಗಿಲು ತೆರೆಯುತ್ತೆ, ನೀರು ವಾಪಸ್ ರಕ್ತಕ್ಕೆ ಹೋಗುತ್ತೆ."

ಬಿಂದಿಗೆ ಕಣ್ಣು ಕಣ್ಣು ಬಿಟ್ಟಳು. "ಅಂದ್ರೆ... ಕ್ರೇನ್ ಸರಿಯಾಗೇ ಇದೆ. ಕೆಳಗೆ ಸಿಗ್ನಲ್ ಕೊಡೋರಿಲ್ಲ!"

"ಅಷ್ಟೇ! ಜೋಕಾಲಿಯಿಂದ ಬಿದ್ದಾಗ ನಿಮ್ಮ ಸಿಗ್ನಲ್‌ನವಳಿಗೆ ಪೆಟ್ಟಾಗಿರಬೇಕು. ಈಗ ನೋಡೋಣ, ಆ ಸಿಗ್ನಲ್ಲನ್ನ ನಾವು ಕೊಡ್ತೀವಿ."

ಒಂದು ಸಣ್ಣ ಚುಚ್ಚುಮದ್ದು ಕೊಟ್ಟರು. ಒಂದು ಗಂಟೆ, ಎರಡು ಗಂಟೆ. ಬಿಂದಿಗೆಗೆ ಎದ್ದು ಹೋಗಬೇಕೆಂದು ಅನ್ನಿಸಲೇ ಇಲ್ಲ. ಕಡೆಗೆ ಅವರೇ ಕಳಿಸಿದರು. ಶೌಚಾಲಯದ ಬಾಗಿಲು ದಡಾರನೆ ತೆರೆಯಿತು. ಸೀಸೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಬಿಂದಿಗೆ ಕಾರಿಡಾರಿನಲ್ಲಿ ಕೂಗಿದಳು:

"ಹಳದಿ! ಅತ್ತೇ, ಹಳದಿ!"

ಪರೀಕ್ಷಕ ಓಡಿ ಬಂದ, ದಾದಿ ಬಂದಳು, ಪಕ್ಕದ ಕೋಣೆಯ ರೋಗಿಯೊಬ್ಬ ಡ್ರಿಪ್ ಸ್ಟ್ಯಾಂಡಿನ ಸಮೇತ ಬಂದ. ಅತ್ತೆ ಸೀಸೆ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, "ನನ್ನದರಷ್ಟು ಇಲ್ಲ, ಆದ್ರೂ ಪರವಾಗಿಲ್ಲ," ಎಂದಳು. ಕಾರಿಡಾರಿನ ತುಂಬ ನಗು. ಮೂತ್ರದ ಬಣ್ಣಕ್ಕೆ ಅಷ್ಟು ಜನ ಒಟ್ಟಿಗೆ ಖುಷಿಪಟ್ಟದ್ದನ್ನು ಆ ಆಸ್ಪತ್ರೆ ಹಿಂದೆಂದೂ ಕಂಡಿರಲಿಕ್ಕಿಲ್ಲ.

ಮನೆಗೆ ಮಾತ್ರೆ ಕೊಟ್ಟು ಕಳಿಸಿದರು. ಮಾರನೇ ಬೆಳಿಗ್ಗೆ ಆರು ಗಂಟೆಗೆ ಗಂಡ ಗಾಬರಿಯಿಂದ ಅವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ರಾತ್ರಿಯಿಡೀ ಏಳದೆ ಮಲಗಿದ್ದು ಅದೇ ಮೊದಲ ಸಲ. ಎಬ್ಬಿಸಿದರೆ, "ಬೆಳಗಾಯ್ತಾ? ಇಷ್ಟು ಬೇಗ?" ಎಂದಳು. ಆ ಭಾನುವಾರ ಸಿನಿಮಾಕ್ಕೆ ಹೋದರು. ಕೊಲೆಗಾರ ಯಾರೆಂದು ಗಂಡನಿಗಿಂತ ಮೊದಲೇ ಕಂಡುಹಿಡಿದು ಅವನ ತೊಡೆಗೆ ಒಂದು ಗುದ್ದು ಗುದ್ದಿದಳು.

ಎಲ್ಲ ಸರಿಹೋಯಿತು ಅನ್ನುವಾಗ ಎಡವಟ್ಟಾದದ್ದು ಪ್ರೀತಿಯಿಂದಲೇ. ಬಾಯಾರಿದರೆ ಮಾತ್ರ ಕುಡಿಯಿರಿ, ಅಭ್ಯಾಸಕ್ಕೆ ಕುಡಿಯಬೇಡಿ ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದು ಕೊಟ್ಟಿದ್ದರು. ಅತ್ತೆ ಆ ಚೀಟಿಯನ್ನು ಮಡಚಿ ಡಬ್ಬಿಯ ಕೆಳಗಿಟ್ಟಳು. "ಒಂದು ದಿನ ನೋಡಿದವರಿಗೆ ನಿನ್ನ ಮೈ ವಿಷಯ ಏನು ಗೊತ್ತು? ಹೊಸ ಮಾತ್ರೆ ಬೇರೆ, ಉಷ್ಣ ಮಾಡುತ್ತೆ. ಕುಡಿ ಮಗಳೇ," ಎಂದು ಚೊಂಬು ಚೊಂಬು ತುಂಬಿಸಿಟ್ಟಳು. ಇಪ್ಪತ್ತೆರಡು ವರ್ಷ ಬಾಯಿಗೆ ಹತ್ತಿದ ಅಭ್ಯಾಸ. ಬಾಯಾರಿಕೆ ಇಲ್ಲದಿದ್ದರೂ ಕೈ ತಾನಾಗಿ ಲೋಟ ಎತ್ತುತ್ತಿತ್ತು. ಅತ್ತೆ ಕೊಟ್ಟದ್ದನ್ನು ಬೇಡ ಅನ್ನುವ ಮನಸ್ಸೂ ಬಿಂದಿಗೆಗೆ ಇರಲಿಲ್ಲ.

ಎಂಟನೇ ದಿನ ಸೈಟಿನಲ್ಲಿ ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಕಬ್ಬಿಣದ ಸರಳಿನ ಕಟ್ಟು ನೆಲದಿಂದ ಎರಡಾಳೆತ್ತರದಲ್ಲಿ ತೂಗುತ್ತಿತ್ತು. ಇಳಿಸು ಎನ್ನಬೇಕಾದ ಜಾಗ. ಹಳದಿ ಬೆರಳು ಮೇಲೆ ಹೋಗಿ ಎತ್ತು, ಎತ್ತು ಎಂದು ತಿರುಗಿತು. ಮೇಲಿನಿಂದ ಗಿಡುಗ ನೋಡಿದ. ಒಂಬತ್ತು ವರ್ಷದಲ್ಲಿ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ. ಅವನು ಲಿವರ್ ಹಿಡಿದು ನಿಲ್ಲಿಸಿದ. ಸೈಟಿನಲ್ಲಿ ಎಲ್ಲರೂ ದೂರ ಸರಿದ ಮೇಲೆ ಕಟ್ಟನ್ನು ಕಣ್ಣಳತೆಯಲ್ಲೇ ಮೆಲ್ಲಗೆ ನೆಲಕ್ಕಿಳಿಸಿ, ಇನ್ನೂರ ನಲವತ್ತು ಮೆಟ್ಟಿಲನ್ನು ದಡದಡ ಇಳಿದು ಬಂದ. ಬಿಂದಿಗೆ ಇನ್ನೂ ಬೆರಳು ತಿರುಗಿಸುತ್ತಲೇ ನಿಂತಿದ್ದಳು.

"ಸಾಕು ಕಣಮ್ಮಾ, ಇಳಿದಾಯ್ತು," ಎಂದು ಅವಳ ಕೈ ಹಿಡಿದು ಕೆಳಗಿಳಿಸಿ, ಅವನೇ ಆಸ್ಪತ್ರೆಗೆ ಕರೆದೊಯ್ದ.

ಎರಡು ದಿನ ನೀರನ್ನು ಅಳೆದು ಕೊಟ್ಟು, ಮಾತ್ರೆ ನಿಲ್ಲಿಸಿ ನೋಡಿಕೊಂಡರು. ಸುಧಾರಿಸಿದ ಮೇಲೆ ಮಾತ್ರೆ ಮತ್ತೆ ಶುರುಮಾಡಿ, ಡಾಕ್ಟರಮ್ಮ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದರು: "ನಿಜವಾದ ಸಿಗ್ನಲ್‌ನವಳಿಗೆ ಕಣ್ಣಿರುತ್ತೆ. ನೀರು ಸಾಕಾಯ್ತು ಅನ್ನಿಸಿದ್ರೆ ಕೈ ಇಳಿಸ್ತಾಳೆ. ಈ ಮಾತ್ರೆಗೆ ಕಣ್ಣಿಲ್ಲ. ಅದರ ಶಕ್ತಿ ಇರೋವರೆಗೆ ಎತ್ತು ಎತ್ತು ಅಂತಾನೇ ಇರುತ್ತೆ. ನೀವು ಕುಡಿದಿದ್ದೆಲ್ಲ ಒಳಗೇ ನಿಂತು ರಕ್ತದ ಉಪ್ಪು ತೆಳುವಾಯ್ತು. ಇನ್ನೊಂದು ತಿಂಗಳು ಉಪ್ಪು ಸರಿಯಾಗಿ ನಿಂತ್ರೆ ಮಾತ್ರ ಕ್ರೇನಿನ ಪತ್ರಕ್ಕೆ ಸಹಿ ಹಾಕ್ತೀನಿ."

ಅತ್ತೆಯ ಮುಖ ಬಿಳಿಚಿತು. ಮನೆಗೆ ಬಂದವಳೇ ಚೊಂಬು, ಬಾಟಲಿ, ಕ್ಯಾನು ಎಲ್ಲ ಒಟ್ಟುಮಾಡಿ ಅಟ್ಟಕ್ಕೆ ಹಾಕಿದಳು. "ನನ್ನ ಕೈಯಾರೆ ನಿನ್ನನ್ನ ಮುಳುಗಿಸ್ತಿದ್ದೆ. ಇನ್ನು ಈ ಕೈಯಿಂದ ನಿನಗೆ ನೀರು ಕೊಡಲ್ಲ," ಎಂದಳು. ಸೊಸೆ ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ಊಟ ಬಡಿಸುವಳು, ತಲೆ ಬಾಚುವಳು, ನೀರು ಮಾತ್ರ ಕೊಡಳು. ಬಿಂದಿಗೆ ತಾನೇ ಎದ್ದು ಬಗ್ಗಿಸಿಕೊಳ್ಳುವಾಗ ಅತ್ತೆ ಬೆನ್ನು ತಿರುಗಿಸಿ ನಿಲ್ಲುವಳು. ಕ್ರೇನಿನ ಪತ್ರ ತಡವಾದದ್ದಕ್ಕಿಂತ ಹೆಚ್ಚಾಗಿ ಬಿಂದಿಗೆಯನ್ನು ಆ ಬೆನ್ನು ನೋಯಿಸಿತು.

ಗಿಡುಗನ ಕೊನೆಯ ದಿನ ಬಂತು. ಹೋಗಲಿಲ್ಲ ಅವನು. ಆಫೀಸಿಗೆ ಹೋಗಿ ಇನ್ನೊಂದು ತಿಂಗಳು ದುಡಿಯುತ್ತೇನೆ ಎಂದು ಬರೆದುಕೊಟ್ಟು ಬಂದ.

"ಮೊಣಕಾಲು ನೋವು ಅಂತಿದ್ದೆಯಲ್ಲ ಅಣ್ಣ?"

"ಮನೇಲಿ ಕೂತ್ರೆ ಹೆಂಡತಿ ತರಕಾರಿ ಹೆಚ್ಚೋಕೆ ಕೂರಿಸ್ತಾಳೆ. ಅದಕ್ಕಿಂತ ಏಣಿ ವಾಸಿ," ಎಂದು ಕೆಮ್ಮಿದ. ಸುಳ್ಳು ಹೇಳುವಾಗ ಅವನಿಗೆ ಕೆಮ್ಮು ಜಾಸ್ತಿ ಎಂದು ಅವಳಿಗೆ ಗೊತ್ತಿತ್ತು.

ಆ ತಿಂಗಳು ನಾಲ್ಕು ಸಲ ಪರೀಕ್ಷೆಗೆ ರಕ್ತ ಕೊಟ್ಟಳು. ನಾಲ್ಕು ಸಲವೂ ಉಪ್ಪು ಸರಿ. ಬಾಯಾರಿಕೆ ಅಂದರೇನು, ಬರೀ ಅಭ್ಯಾಸ ಅಂದರೇನು ಎಂದು ಅವಳು ಹೊಸದಾಗಿ ಕಲಿತಳು. ಐದನೇ ವಾರ ಡಾಕ್ಟರಮ್ಮ ಪತ್ರಕ್ಕೆ ಸಹಿ ಹಾಕಿ, ಪಕ್ಕದಲ್ಲೇ ನಿಂತಿದ್ದ ಪರೀಕ್ಷಕನ ಕೈಯಲ್ಲೇ ಕೊಡಿಸಿದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಿಂದಿಗೆ ಏಣಿ ಹತ್ತಿದಳು. ಸೊಂಟದಲ್ಲಿ ಅರ್ಧ ಲೀಟರಿನ ಒಂದು ಬಾಟಲಿ. ಗೂಡಿನ ಬಾಗಿಲು ಮುಚ್ಚಿ ಕೂತಾಗ ಊರೆಲ್ಲ ಕಾಲಡಿ ಹರಡಿಕೊಂಡಿತ್ತು. ಸಾಲು ಸಾಲು ಚಾವಣಿ, ಬಸ್ಸು, ಒಗೆದು ಹರವಿದ ಬಟ್ಟೆ. ಗಿಡುಗನ ಬಿಸ್ಕತ್ತಿನ ಪುಡಿ ಇನ್ನೂ ಸೀಟಿನ ಸಂದಿಯಲ್ಲಿತ್ತು. ಕೆಳಗೆ ನೋಡಿದಳು. ಹಳದಿ ಕೈಗವಸು ತೊಟ್ಟು ನಿಂತವನು ಗಿಡುಗನೇ. ಬೆರಳು ಮೇಲೆ ಮಾಡಿ ತಿರುಗಿಸಿದ. ಎತ್ತು. ಅವಳು ಎತ್ತಿದಳು. ಎದೆ ತುಂಬಿ ಬಂದು ಒಬ್ಬಳೇ ಜೋರಾಗಿ ನಕ್ಕಳು.

ಒಂಬತ್ತಾಯಿತು, ಹತ್ತಾಯಿತು. ಇಟ್ಟಿಗೆ ಏರಿತು, ಕಾಂಕ್ರೀಟ್ ಬಕೆಟ್ ಏರಿತು. ಹತ್ತೂವರೆಗೆ ಗೇಟಿನ ಪಕ್ಕ ಒಂದು ಚುಕ್ಕಿ ಕಂಡಿತು. ಅತ್ತೆ. ಇಟ್ಟಿಗೆಯ ರಾಶಿಯ ಮೇಲೆ ಕೂತು, ಕೊಡೆ ಹಿಡಿದು, ಕತ್ತೆತ್ತಿ ನೋಡುತ್ತಿದ್ದಳು. ಅಲ್ಲಿಂದ ಅಲುಗಲಿಲ್ಲ. ಬಿಂದಿಗೆಯೂ ಅಲುಗಲಿಲ್ಲ. ಬಾಟಲಿಯಿಂದ ನಡುವೆ ಎರಡು ಗುಟುಕು ಕುಡಿದಳು, ಅಷ್ಟೇ. ಹನ್ನೆರಡಕ್ಕೆ ಗಂಟೆ ಬಾರಿಸಿದಾಗ ಸೈಟಿನವರೆಲ್ಲ ಹೆಲ್ಮೆಟ್ ತಟ್ಟಿ ಕೇಕೆ ಹಾಕಿದರು. ಅವಳಿಗೆ ಅದು ಕೇಳಿಸಲಿಲ್ಲ, ತಟ್ಟುವ ಕೈಗಳು ಮಾತ್ರ ಕಂಡವು.

ಇಳಿದು ಬಂದವಳು ನೇರ ಗೇಟಿನ ಬಳಿಗೆ ಹೋದಳು. ಅತ್ತೆಯ ತುಟಿ ಒಣಗಿ ಬಿಳುಪಾಗಿತ್ತು.

"ನೀವು ಬೆಳಿಗ್ಗೆಯಿಂದ ನೀರು ಕುಡಿದಿಲ್ಲ ತಾನೇ?" ಬಿಂದಿಗೆ ಗದರಿದಳು.

"ನೀನು ಇಳಿಯೋವರೆಗೆ ಬೇಡ ಅಂದ್ಕೊಂಡೆ." ಅತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೊಡೆ ಮಡಚಿದಳು.

ಪಕ್ಕದಲ್ಲಿ ಕೆಲಸದವರ ನೀರಿನ ಡ್ರಮ್ಮು, ಸರಪಳಿ ಕಟ್ಟಿದ ಲೋಟ. ಬಿಂದಿಗೆ ಅದನ್ನು ತೋರಿಸಿ, "ಅತ್ತೆ, ನೀರು ಕೊಡಿ," ಎಂದಳು.

ಅತ್ತೆ ಹಿಂದೆ ಸರಿದಳು. "ನಾನು ಬೇಡ. ನೀನೇ ಬಗ್ಗಿಸ್ಕೋ."

"ನಿಮ್ಮ ಕೈಯಿಂದಾನೇ ಬೇಕು."

ಅತ್ತೆ ಲೋಟ ಕೈಗೆತ್ತಿಕೊಂಡಳು. ಆಮೇಲೆ, ಇಷ್ಟು ವರ್ಷದಲ್ಲಿ ಎಂದೂ ಕೇಳದಿದ್ದ ಒಂದು ಮಾತು ಕೇಳಿದಳು. "ನಿಜವಾಗ್ಲೂ ಬಾಯಾರಿಕೆ ಆಗಿದ್ಯಾ?"

"ಆಗಿದೆ ಅತ್ತೆ. ನಿಜವಾಗ್ಲೂ."

ಅತ್ತೆ ಲೋಟ ತುಂಬುವಾಗ ಸ್ವಲ್ಪ ಚೆಲ್ಲಿತು. ಬಿಂದಿಗೆ ತೆಗೆದುಕೊಂಡು ಕಣ್ಣು ಮುಚ್ಚಿ ಕುಡಿದಳು. ಗುಟುಕು ಗುಟುಕಾಗಿ, ಅವಸರವಿಲ್ಲದೆ. ಆಮೇಲೆ ನಿಲ್ಲಿಸಿದಳು. ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು.

"ನನಗೆ ಸಾಕು," ಎಂದು ಲೋಟವನ್ನು ಅತ್ತೆಯ ಕಡೆ ಚಾಚಿದಳು. "ಉಳಿದಿದ್ದು ನಿಮಗೆ."

ಅತ್ತೆ ಲೋಟದೊಳಗೆ ನೋಡಿದಳು. ಆ ನೀರಿನಲ್ಲಿ ಬಿಸಿಲು ಅಲುಗಾಡುತ್ತಿತ್ತು. ಕಣ್ಣೊರೆಸಿಕೊಂಡು, ಲೋಟ ಎತ್ತಿ, ಸೊಸೆ ಉಳಿಸಿದ ನೀರನ್ನು ತಳ ಕಾಣುವವರೆಗೆ ಕುಡಿದಳು.